ದೇವರ ಹೆಸರಲ್ಲಿ ಬಿಟ್ಟ ಊಟ

"ವಾರದಲ್ಲಿ ಎಷ್ಟು ದಿನ ಸರಿಯಾಗಿ ಊಟ ಮಾಡ್ತೀಯಮ್ಮಾ?" ಅಂತ ಡಾಕ್ಟರಮ್ಮ ಕೇಳಿದ್ದು ನನ್ನ ಮಗಳನ್ನ. ಕಾಲೇಜಿನ ಮೆಟ್ಟಿಲ ಮೇಲೆ ತಲೆ ತಿರುಗಿ ಬಿದ್ದಳು ಅಂತ ಫೋನು ಬಂದು, ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ನಾನೇ ಕರಕೊಂಡು ಹೋಗಿದ್ದೆ. ಹದಿನೇಳು ವರ್ಷದ ಹುಡುಗಿ. ತೂಕದ ಮೆಷಿನ್ನಿನ ಮೇಲೆ ನಿಲ್ಲಿಸಿದ ನರ್ಸು, ಮೆಷಿನ್ನೇ ಕೆಟ್ಟಿದೆಯೇನೋ ಅನ್ನೋ ಹಾಗೆ ಅವಳನ್ನ ಇಳಿಸಿ ಇನ್ನೊಂದು ಸಲ ಹತ್ತಿಸಿದಳು.

ಮಗಳು ಗೋಡೆ ನೋಡಿಕೊಂಡು ಹೇಳಿದಳು: "ಅಮ್ಮ ಮಾಡಿದಷ್ಟು ದಿನ."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ನಾನು ಸ್ವಲ್ಪ ಹೆಮ್ಮೆಯಿಂದಲೇ ಉತ್ತರ ಕೊಟ್ಟೆ. ಅದನ್ನ ಈಗ ಬರೆಯೋಕೂ ನಾಚಿಕೆ. ಸೋಮವಾರ ಈಶ್ವರನಿಗೆ, ಗುರುವಾರ ರಾಯರಿಗೆ, ಶನಿವಾರ ನಮ್ಮ ಮನೆದೇವರು ತಿಮ್ಮಪ್ಪನಿಗೆ. ಏಕಾದಶಿ, ಸಂಕಷ್ಟಿ ಬೇರೆ. "ಮಿಕ್ಕ ದಿನ ಊಟ ಮಾಡ್ತೀವಿ ಮೇಡಂ," ಅಂದೆ.

"ಮಿಕ್ಕ ದಿನ ಅಂದ್ರೆ ಯಾವ್ದು ಹೇಳಿ."

ಬೆರಳು ಮಡಚಿದೆ. ಮಂಗಳವಾರ, ಬುಧವಾರ. ಶುಕ್ರವಾರಕ್ಕೆ ಬಂದಾಗ ಬೆರಳು ಅಲ್ಲೇ ನಿಂತಿತು. ಶುಕ್ರವಾರ ಲಕ್ಷ್ಮಿ ಪೂಜೆ ಮುಗಿಯೋವರೆಗೆ ನಾವಿಬ್ಬರೂ ಒಂದು ಲೋಟ ಹಾಲು ಬಿಟ್ಟರೆ ಏನೂ ಮುಟ್ಟೋದಿಲ್ಲ. ಪೂಜೆ ಮುಗಿಯೋದು ಮೂರು ಗಂಟೆಗೆ. ಅಷ್ಟು ಹೊತ್ತಾದ ಮೇಲೆ ಹಸಿವೂ ಸತ್ತಿರುತ್ತದೆ.

ನಮ್ಮ ಬೀದಿಯಲ್ಲಿ ನನಗೆ ಒಳ್ಳೇ ಹೆಸರು. "ನಿಮ್ಮಷ್ಟು ನೇಮ ನಮ್ ಕೈಲಾಗಲ್ಲ ಕಣ್ರೀ, ನಮಗೆ ಹತ್ತು ಗಂಟೆಗೇ ಹೊಟ್ಟೆ ಚುರುಗುಟ್ಟತ್ತೆ," ಅಂತಾರೆ ಪಕ್ಕದ ಮನೆಯವರು. ಅತ್ತೆ ಬದುಕಿದ್ದಾಗ ಬಂದವರಿಗೆಲ್ಲ ನನ್ನನ್ನ ತೋರಿಸಿ ಹೇಳೋರು, ನಮ್ಮ ಸೊಸೆ ದೇವರಂಥೋಳು ಅಂತ. ಈ ಉಪವಾಸ ನನಗೆ ಎಲ್ಲಿಂದ ಬಂತು ಅಂತ ಯಾರೂ ಕೇಳಿದವರಿಲ್ಲ. ಅವತ್ತು ಡಾಕ್ಟರಮ್ಮ ಕೇಳಿದರು. "ಯಾವಾಗಿಂದ ಮಾಡ್ತಿದೀರಾ ಇದನ್ನ?" ಚಿಕ್ಕಂದಿನಿಂದ ಅಂದೆ, ಅಷ್ಟೆ. ಅವತ್ತು ಅವರಿಗೆ ಹೇಳದೆ ಉಳಿಸಿಕೊಂಡಿದ್ದನ್ನ ಇಲ್ಲಿ ಬರೀತೀನಿ.

ನನ್ನ ತವರು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ರೇಷ್ಮೆ ಹುಳ ಸಾಕೋ ಮನೆ. ಅಮ್ಮನ ತಮ್ಮ, ಅಂದರೆ ನನ್ನ ಸೋದರಮಾವ, ತೋಟದ ಕೆಲಸಕ್ಕೆ ಅಂತ ನಮ್ಮ ಮನೆಯಲ್ಲೇ ಇದ್ದ. ನಮ್ಮ ಕಡೆ ಸೋದರಮಾವ ಹುಡುಗಿಗೆ ವರಸೆಯಾಗಬೇಕು, ನಾಳೆ ಅವನೇ ಅವಳನ್ನ ಮದುವೆ ಆಗಬಹುದು. ಹಾಗಾಗಿ ತೊಟ್ಟಿಲಲ್ಲಿ ಇರುವಾಗಿಂದಲೇ ತಮಾಷೆ ಶುರು. "ನಿನ್ ಗಂಡ ಬಂದ ಕಣೇ, ಕಾಲಿಗೆ ನೀರು ಕೊಡು." "ಏನೋ, ಪೇಟೆಗೆ ಹೋಗಿದ್ದೋನು ನಿನ್ ಹೆಂಡ್ತಿಗೆ ರಿಬ್ಬನ್ ತರಲಿಲ್ವೇನೋ?" ಅವನು ನನ್ನ ಕೆನ್ನೆ ಹಿಂಡಿದರೂ ನಗು, ಎಳೆದು ತೊಡೆ ಮೇಲೆ ಕೂರಿಸಿಕೊಂಡರೂ ನಗು. ಬೇರೆ ಗಂಡಸು ಹಾಗೆ ಮಾಡಿದ್ದರೆ ಅಪ್ಪ ಮಚ್ಚು ತೆಗೀತಿದ್ದರು. ಮಾವನಿಗೆ ಮಾತ್ರ ಆ ಹಕ್ಕನ್ನ ಮನೆಯವರೆಲ್ಲ ಸೇರಿ ನಗುನಗುತ್ತಾ ಕೊಟ್ಟಿದ್ದರು.

ನನಗೆ ಒಂಬತ್ತು ವರ್ಷ, ಅವನಿಗೆ ಇಪ್ಪತ್ತು ದಾಟಿತ್ತು. ಹುಳ ದೊಡ್ಡದಾದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ದೊಡ್ಡವರೆಲ್ಲ ಸೊಪ್ಪು ಕೊಯ್ಯೋಕೆ ತೋಟದಲ್ಲಿ. ಮಧ್ಯಾಹ್ನದ ಸೊಪ್ಪು ಹರಡೋಕೆ ಹುಳದ ಮನೆಯಲ್ಲಿ ನಾನು, ಮಾವ, ಇಬ್ಬರೇ. ಗಾಳಿ ಬೆಳಕು ಹೆಚ್ಚು ಬೀಳಬಾರದು ಅಂತ ಕಿಟಕಿಗೆ ಗೋಣಿ ಕಟ್ಟಿರುತ್ತಿದ್ದರು. ಅವನು ಮೊದಲು ಒಂದು ತುಂಡು ಕಡಲೆ ಮಿಠಾಯಿ ನನ್ನ ಬಾಯಿಗೆ ಇಡುತ್ತಿದ್ದ. ಅದು ಬಾಯಲ್ಲಿರೋವರೆಗೆ ಕೂಗೋ ಹಾಗಿಲ್ಲ. ಆಮೇಲೆ ಮಗುವಿಗೆ ಮಾಡಬಾರದ್ದನ್ನ ಮಾಡುತ್ತಿದ್ದ. ಇದಕ್ಕಿಂತ ಹೆಚ್ಚು ಬರೆಯೋ ಶಕ್ತಿ ನನಗಿಲ್ಲ, ಓದೋರಿಗೂ ಬೇಕಾಗಿಲ್ಲ.

ಅಮ್ಮನಿಗೆ ಹೇಳಿದೆ. ಒಂದೇ ಸಲ. ಜಗಲಿ ಮೇಲೆ ನಾಲ್ಕು ಜನ ಹೆಂಗಸರ ಜೊತೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. "ಅಮ್ಮ, ನಾನು ಮಾವನ ಜೊತೆ ಹುಳದ ಮನೆಗೆ ಹೋಗಲ್ಲ. ಮಾವ ಮುಟ್ತಾನೆ," ಅಂದೆ.

ಎಲ್ಲರೂ ಘೊಳ್ಳನೆ ನಕ್ಕರು. "ಅಯ್ಯೋ, ಇದರ ಸಿಗ್ಗು ನೋಡ್ರೇ!" ಅಂದಳು ಒಬ್ಬಳು. ಇನ್ನೊಬ್ಬಳು, "ಕಟ್ಕೊಳೋನು ಮುಟ್ದೆ ಬೀದೀಲಿ ಹೋಗೋನು ಮುಟ್ತಾನೇನೇ?" ಅಂತ ನನ್ನ ಗಲ್ಲ ತಿವಿದಳು. ಅಮ್ಮ ಕೈಯಲ್ಲಿದ್ದ ಕಾಯಿ ಬಿಡಿಸಿ ಮುಗಿಸಿ, ಆಮೇಲೆ ತಾನೂ ನಕ್ಕಳು. ಸಂಜೆಯೊಳಗೆ ನನ್ನ ಮಾತು ಕೇರಿಯ ತಮಾಷೆಯಾಯಿತು. ಅವನ ಕಿವಿಗೂ ಬಿತ್ತು. ಅವನೂ ನಕ್ಕ.

ಹನ್ನೆರಡಕ್ಕೆ ಮೈನೆರೆದೆ. ಶಾಸ್ತ್ರದ ಪ್ರಕಾರ ಹುಡುಗಿಗೆ ಹಸಿರು ಸೊಪ್ಪಿನ ಗುಡ್ಲು ಹಾಕೋನು ಸೋದರಮಾವನೇ. ಹಾಕಿದ. ನನ್ನನ್ನ ಅದರೊಳಗೆ ಕೂರಿಸಿ, ಎಲ್ಲರ ಮುಂದೆ ಎಳ್ಳು ಬೆಲ್ಲ ಕುಟ್ಟಿದ ಚಿಗಳಿ ಉಂಡೆಯನ್ನ ತನ್ನ ಕೈಯಿಂದಲೇ ನನ್ನ ಬಾಯಿಗೆ ಇಟ್ಟ. ಹೆಂಗಸರು ಹಾಡು ಹೇಳುತ್ತಿದ್ದರು. ಅದೇ ಬೆರಳು, ಅದೇ ಬೆಲ್ಲದ ವಾಸನೆ. ಆರತಿ ತಟ್ಟೆ ಮೇಲೆಯೇ ಕಕ್ಕಿಬಿಟ್ಟೆ. ಪಿತ್ತ ಅಂದರು, ಜೀರಿಗೆ ಕಷಾಯ ಕೊಟ್ಟರು. ಅಲ್ಲಿಂದ ಈಚೆಗೆ ಬಾಯಿ ಹತ್ತಿರ ಬರೋ ತುತ್ತು ನನ್ನ ಕೈಯದ್ದೇ ಆದರೂ, ಇನ್ಯಾರದೋ ಕೈ ಅಂತಲೇ ಅನ್ನಿಸುತ್ತದೆ.

ಆ ವರ್ಷದ ಶ್ರಾವಣದಲ್ಲಿ ನನ್ನನ್ನ ಕಾಪಾಡಿದ್ದು ಅಜ್ಜಿ, ಅಪ್ಪನ ಅಮ್ಮ. ಕಾಪಾಡಿದ್ದು ಅವಳಿಗೇ ಗೊತ್ತಿಲ್ಲ. ಶ್ರಾವಣ ಶನಿವಾರ ಅಂದರೆ ಅವಳು ತಲೆಗೆ ನೀರು ಹಾಕಿಕೊಂಡು, ನಾಮ ಇಟ್ಟುಕೊಂಡು ಒಪ್ಪತ್ತು ಇರುತ್ತಿದ್ದಳು. ಸಂಜೆ ಪೂಜೆ ಆಗೋವರೆಗೆ ಊಟವಿಲ್ಲ. ನಾನೂ ಇರ್ತೀನಿ ಅಂದೆ. ಅಜ್ಜಿಗೆ ಖುಷಿಯೋ ಖುಷಿ. ನನಗೂ ಸ್ನಾನ ಮಾಡಿಸಿ, ನಾಮ ಇಟ್ಟು, ಜಗಲಿಯಲ್ಲಿ ನಿಂತು ಕೂಗಿ ಹೇಳಿದಳು: "ಒಪ್ಪತ್ತಿರೋ ಮಗು ಇದು! ಪೂಜೆ ಆಗೋಗಂಟ ಯಾರೂ ಮುಟ್ಬೇಡ್ರಪ್ಪಾ!"

ಜಡೆ ಎಳೆಯೋಕೆ ಅಂತ ಕೈ ಚಾಚಿದ್ದ ಮಾವ ಕೈ ಹಿಂದಕ್ಕೆ ತಗೊಂಡ. ಕೆಂಡ ಮುಟ್ಟೋಕೆ ಹೋದವನ ಥರ. ತಿಮ್ಮಪ್ಪ ಅಂದರೆ ಅವನಿಗೂ ಭಯ. ಅವತ್ತು ಮಧ್ಯಾಹ್ನ ಅವನೊಬ್ಬನೇ ಹುಳಕ್ಕೆ ಸೊಪ್ಪು ಹಾಕಿದ. ನಾನು ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತು, ಹೊಟ್ಟೆ ಹಸಿದುಕೊಂಡು, ಎಷ್ಟೋ ದಿನ ಆದ ಮೇಲೆ ನಿದ್ದೆ ಮಾಡಿದೆ.

ನಾನು ಬಾಯಿಬಿಟ್ಟು ಹೇಳಿದಾಗ ಆಗದೇ ಇದ್ದದ್ದು, ಅತ್ತಾಗ ಆಗದೇ ಇದ್ದದ್ದು, ಒಂದು ಹೊತ್ತಿನ ಊಟ ಬಿಟ್ಟಿದ್ದಕ್ಕೆ ಆಯಿತು. ಶ್ರಾವಣ ಮುಗಿದರೂ ಶನಿವಾರ ಬಿಡಲಿಲ್ಲ. ಸೋಮವಾರ ಸೇರಿಸಿದೆ, ಆಮೇಲೆ ಗುರುವಾರ. ಹುಡುಗಿಗೆ ಎಂಥಾ ಭಕ್ತಿ ಅಂತ ಊರೇ ಮಾತಾಡಿತು. ವಾರಕ್ಕೆ ಮೂರು ದಿನ ದೇವರು ನನ್ನನ್ನ ಕಾದ. ಮಿಕ್ಕ ನಾಲ್ಕು ದಿನ ಯಾಕೆ ಕಾಯಲಿಲ್ಲ ಅಂತ ನಾನು ಅವನನ್ನ ಕೇಳಿಲ್ಲ. ಮೂರು ಸಿಕ್ಕಿತಲ್ಲ ಅಂತ ಕೈಮುಗಿದೆ, ಈಗಲೂ ಮುಗೀತೀನಿ.

ಎರಡು ವರ್ಷಕ್ಕೆ ಅವನಿಗೆ ಚಿಂತಾಮಣಿ ಕಡೆ ತೋಟ ಇರೋ ಮನೆಯ ಹುಡುಗಿ ಸಿಕ್ಕಿದಳು. ಮದುವೆಯಾಗಿ ಅಲ್ಲೇ ನಿಂತುಬಿಟ್ಟ. "ಪಾಪ, ನಿನ್ ಗಂಡ ಕೈಬಿಟ್ನಲ್ಲೇ," ಅಂತ ಹೆಂಗಸರು ನನ್ನನ್ನ ರೇಗಿಸಿದರು. ನಾನು ಗುಡಿಗೆ ಹೋಗಿ ತುಪ್ಪದ ದೀಪ ಹಚ್ಚಿ ಬಂದೆ.

ಅವನು ಹೋದ. ಉಪವಾಸ ಹೋಗಲಿಲ್ಲ.

ನನ್ನ ಮದುವೆಯ ಭೂಮದ ಊಟದಲ್ಲಿ, ಗಂಡು ಹೆಣ್ಣು ಒಬ್ಬರಿಗೊಬ್ಬರು ತಿನ್ನಿಸೋ ಹೊತ್ತಿಗೆ, ಇವರು ಹೋಳಿಗೆ ತುಂಡು ನನ್ನ ಬಾಯಿಗಿಟ್ಟರು. ನುಂಗೋಕಾಗಲಿಲ್ಲ. ದವಡೆಯಲ್ಲೇ ಇಟ್ಟುಕೊಂಡಿದ್ದು, ಯಾರೂ ನೋಡದಾಗ ಸೆರಗಿಗೆ ಉಗಿದೆ. ಇವರು ನೋಡಿದರು. ಮತ್ತೆ ಯಾವತ್ತೂ ನನಗೆ ತಿನ್ನಿಸೋಕೆ ಬರಲಿಲ್ಲ. ಒಳ್ಳೇ ಮನುಷ್ಯ ಸಿಕ್ಕಿದ್ದು ನನ್ನ ಪುಣ್ಯ. ತಾಲ್ಲೂಕು ಕಚೇರಿಯ ಗುಮಾಸ್ತರು, ಬೆಳಗ್ಗೆ ಹೋದರೆ ಸಂಜೆ. ನಾನು ಎಲ್ಲರಿಗೂ ಬಡಿಸಿ, ಕೊನೆಗೆ ಅಡಿಗೆಮನೆಯ ಗೋಡೆ ಕಡೆ ತಿರುಗಿ ಕೂತು ಉಣ್ಣುತ್ತಿದ್ದೆ. ಉಂಡದ್ದು ಎಷ್ಟೋ ದಿನ ಒಳಗೆ ನಿಲ್ಲುತ್ತಿರಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಕಕ್ಕಿ ಬರುತ್ತಿದ್ದೆ. ಇದಕ್ಕೊಂದು ಹೆಸರಿದೆ, ಇದೊಂದು ಕಾಯಿಲೆ ಅಂತ ನನಗೆ ಗೊತ್ತಿರಲಿಲ್ಲ. ನನ್ನ ಹೊಟ್ಟೆಯೇ ಹೀಗೆ ಅಂದುಕೊಂಡಿದ್ದೆ.

ಮಗಳು ಹದಿನಾಲ್ಕರಲ್ಲಿ, "ಅಮ್ಮ, ನಾನೂ ಶನಿವಾರ ಇರ್ತೀನಿ," ಅಂದಾಗ ನಾನು ಅಜ್ಜಿಯ ಹಾಗೆಯೇ ಮಾಡಿದೆ. ತಲೆಗೆ ನೀರು ಹಾಕಿದೆ, ಹಣೆಗೆ ನಾಮ ಇಟ್ಟೆ. ನೆಂಟರಿಗೆಲ್ಲ ಫೋನು ಮಾಡಿ ಹೇಳಿದೆ. ಈಗಿನ ಕಾಲದ ಮಕ್ಕಳು ಮೊಬೈಲು ಬಿಟ್ಟು ತಲೆ ಎತ್ತಲ್ಲ, ನನ್ನ ಮಗಳು ನೋಡಿ ಅಂತ. ಆಮೇಲೆ ಸೋಮವಾರ, ಗುರುವಾರ. ಬೇರೆ ದಿನ ಮುದ್ದೆಯನ್ನ ಚೂರು ಚೂರು ಮುರಿದು ಸೊಪ್ಪಿನ ಸಾರಿನೊಳಗೆ ಮುಚ್ಚಿಟ್ಟು ಏಳೋಳು. ಬಾಚಣಿಗೆ ತುಂಬ ಕೂದಲು. ತಿಂಗಳು ತಿಂಗಳು ಆಗೋದು ನಿಂತಾಗ, ಓದಿನ ಉಷ್ಣ ಅಂತ ಎಳನೀರು ಕುಡಿಸಿದೆ. ನನ್ನ ಕಣ್ಣೆದುರಿಗೇ ಒಣಗಿದಳು. ನಾನು ಅದನ್ನ ಭಕ್ತಿ ಅಂತ ಓದಿಕೊಂಡೆ. ನನ್ನದನ್ನ ಊರು ಓದಿಕೊಂಡ ಹಾಗೆ.

ಅವತ್ತು ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗಳನ್ನ ರಕ್ತಪರೀಕ್ಷೆಗೆ ಕಳಿಸಿ, ಕುರ್ಚಿ ನನ್ನ ಹತ್ತಿರಕ್ಕೆ ಎಳೆದುಕೊಂಡರು. ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವರಿರಬಹುದು ಅಷ್ಟೆ. "ತಪ್ಪು ತಿಳ್ಕೋಬೇಡಿ ಅಮ್ಮ, ಎಲ್ಲರನ್ನೂ ಕೇಳ್ತೀನಿ. ಈ ಊಟ ಬಿಡೋ ಕಾಯಿಲೆ ಬರೋಕೆ ಬೇರೆ ಬೇರೆ ಕಾರಣ ಇರತ್ತೆ. ಚಿಕ್ಕ ವಯಸ್ಸಲ್ಲಿ ಯಾರಾದ್ರೂ ಮೈಮೇಲೆ ಕೈ ಹಾಕಿದ್ರೆ ಕೆಲವು ಹೆಣ್ಮಕ್ಕಳಿಗೆ ಅದು ಊಟದಲ್ಲಿ ಹೊರಗೆ ಬರತ್ತೆ. ಮೈ ಅವರ ಮಾತು ಕೇಳೋ ಹಾಗಿರಲಿಲ್ಲ. ಬಾಯಿಗೆ ಏನು ಹೋಗ್ಬೇಕು ಅನ್ನೋದಾದ್ರೂ ತಮ್ಮ ಕೈಲಿರಲಿ ಅಂತ ಹಿಡ್ಕೋತಾರೆ. ಇವಳಿಗೆ ಆ ಥರ ಏನಾದ್ರೂ?"

ಅವರು ಮಗಳ ಬಗ್ಗೆ ಕೇಳುತ್ತಿದ್ದರು, ನನ್ನ ಬದುಕನ್ನ ಹೇಳುತ್ತಿದ್ದರು. ನನ್ನ ಬಾಯಿಂದ ಬಂದದ್ದು ಇಷ್ಟೇ: "ಛೇ, ಅಂಥ ಮನೆ ಅಲ್ಲ ಮೇಡಂ ನಮ್ಮದು."

"ಸರಿ. ಸದ್ಯಕ್ಕೆ ಉಪವಾಸ ಪೂರ್ತಿ ಬಂದ್. ಹದಿನೈದು ದಿನಕ್ಕೊಂದು ಸಲ ಕರಕೊಂಡು ಬನ್ನಿ. ಬಲವಂತ ಮಾಡ್ಬೇಡಿ. ಅವಳ ಜೊತೆ ನೀವೂ ಕೂತು ಊಟ ಮಾಡಿ. ಅದೊಂದು ಸಾಕು."

ಅದೊಂದು ಸಾಕಂತೆ.

ಮನೆಗೆ ಬರೋ ಆಟೋದಲ್ಲಿ ನನಗೆ, ಮಗಳನ್ನ ತವರಿನಲ್ಲಿ ಬಿಟ್ಟಿದ್ದ ನಾಲ್ಕು ದಿನ ನೆನಪಿಗೆ ಬಂತು. ಮಗಳಿಗೆ ಎಂಟು ವರ್ಷವಿದ್ದಾಗ ಗೌರಿಬಿದನೂರಿನಲ್ಲಿ ನಾದಿನಿಯ ಹೆರಿಗೆ ಕಷ್ಟವಾಗಿ, ನಾನು ಹೊರಟು ಹೋಗಬೇಕಾಯಿತು. ಬೇಸಿಗೆ ರಜ. ಮಗಳನ್ನ ಅಮ್ಮನ ಹತ್ತಿರ ಬಿಟ್ಟೆ. ಮಾವ ಚಿಂತಾಮಣಿಯಲ್ಲಿದ್ದಾನೆ, ಅವನಿಗೂ ಮಕ್ಕಳಾಗಿದ್ದಾರೆ, ಅಮ್ಮ ಮನೆಯಲ್ಲೇ ಇರ್ತಾಳೆ ಅಂತ ನನಗೆ ನಾನೇ ಹೇಳಿಕೊಂಡೆ. ನಾಲ್ಕು ದಿನ ಬಿಟ್ಟು ಕರಕೊಂಡು ಬರೋಕೆ ಹೋದಾಗ ಮಗಳು, "ಚಿಂತಾಮಣಿ ತಾತ ಬಂದಿದ್ರು, ಮಾವಿನಹಣ್ಣು ತಂದಿದ್ರು," ಅಂದಳು. ಅಷ್ಟೇ ಹೇಳಿದ್ದು. ನಾನು ಅಷ್ಟೇ ಕೇಳಿಸಿಕೊಂಡೆ. ಇನ್ನೊಂದು ಮಾತು ಕೇಳಿದ್ದರೆ ಏನು ಹೇಳುತ್ತಿದ್ದಳೋ. ಕೇಳಲಿಲ್ಲ. ಅವತ್ತಿಂದ ಅವಳನ್ನ ಅವನ ಕಣ್ಣಿಗೆ ಬೀಳಿಸಿಲ್ಲ, ಯಾಕೆ ಅಂತ ಯಾರಿಗೂ ಹೇಳಲೂ ಇಲ್ಲ.

ಮುಂದಿನ ಶನಿವಾರ ಉಪ್ಪಿಟ್ಟು ಮಾಡಿದೆ. ಮದುವೆಯಾದ ಮೇಲೆ ಶನಿವಾರ ಬೆಳಗ್ಗೆ ನನಗಾಗಿ ಒಲೆ ಹಚ್ಚಿದ್ದು ಅದೇ ಮೊದಲು. ದೇವರಿಗೆ ಕೈಮುಗಿದು ತಪ್ಪಾಯ್ತು ಅಂದೆ. ನನ್ನನ್ನ ಕಾದವನ ಕೈ ಬಿಡುತ್ತಿದ್ದೇನೆ ಅನ್ನಿಸಿತು. ಎರಡು ತಟ್ಟೆ ಇಟ್ಟೆ.

ಮಗಳು ತಟ್ಟೆ ನೋಡಿದಳು, ನನ್ನನ್ನ ನೋಡಿದಳು. "ನೀನ್ ತಿನ್ನು ಮೊದ್ಲು."

"ತಿಂತೀನಿ ಕಣಮ್ಮ, ನೀನೂ ತಗೋ."

"ನೀನ್ ತಿನ್ನಮ್ಮ. ನೋಡ್ತೀನಿ."

ಮೂರು ಚಮಚ ತಿಂದೆ. ನಾಲ್ಕನೆಯದು ಬಾಯಿ ಹತ್ತಿರ ಬಂದಾಗ ಆಗಲಿಲ್ಲ. ಎದ್ದು ಬಚ್ಚಲಿಗೆ ಹೋದೆ, ನಲ್ಲಿ ಬಿಟ್ಟೆ. ಹೊರಗೆ ಬಂದಾಗ ಮಗಳು ಬಾಗಿಲಲ್ಲೇ ನಿಂತಿದ್ದಳು.

"ನಲ್ಲಿ ಬಿಟ್ರೆ ಕೇಳಿಸಲ್ಲ ಅನ್ಕೊಂಡಿದೀಯಾ? ಒಂದನೇ ಕ್ಲಾಸಿಂದ ಕೇಳಿಸ್ಕೊಂಡಿದೀನಿ ನಾನು. ದೊಡ್ಡೋರಾದ್ರೆ ಎಲ್ಲರೂ ಹೀಗೇ ಮಾಡ್ತಾರೆ ಅನ್ಕೊಂಡಿದ್ದೆ."

ಬಚ್ಚಲ ಮುಂದಿನ ಒದ್ದೆ ನೆಲದ ಮೇಲೆ ಕೂತುಬಿಟ್ಟೆ. ಅಲ್ಲೇ ಹೇಳಿದೆ. ಹುಳದ ಮನೆ, ಕಡಲೆ ಮಿಠಾಯಿ, ಜಗಲಿ ಮೇಲಿನ ನಗು, ಅಜ್ಜಿ ಇಟ್ಟ ನಾಮ. ಯಾರು ಅಂತಲೂ ಹೇಳಿದೆ. ನನ್ನ ಬಾಯಿಂದ ಈ ಮಾತು ಹೊರಗೆ ಬರೋಕೆ ಮೂವತ್ತೈದು ವರ್ಷ ಆಯಿತು. ಬಂದಾಗ ಎದುರಿಗೆ ಕೂತು ಕೇಳುತ್ತಿದ್ದವಳು ಹದಿನೇಳು ವರ್ಷದ, ಮೈಯಲ್ಲಿ ಕಸುವಿಲ್ಲದ ನನ್ನದೇ ಮಗಳು. ಅವಳ ಮೇಲೆ ಇದನ್ನ ಹೊರಿಸಬಾರದಿತ್ತೇನೋ. ಬೇರೆ ದಾರಿ ನನಗೆ ಕಾಣಲಿಲ್ಲ.

ಅವಳು ಅಳಲಿಲ್ಲ. ನನ್ನ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಇದ್ದಳು. ಆಗ ಕೇಳಿದೆ. "ಚಿನ್ನ, ಆ ಬೇಸಿಗೆ ರಜದಲ್ಲಿ, ಅಜ್ಜಿ ಮನೇಲಿ ನಾಲ್ಕು ದಿನ ಇದ್ಯಲ್ಲ. ಆ ತಾತ..."

ಸುತ್ತುತ್ತಿದ್ದ ಬೆರಳು ನಿಂತಿತು.

"ಇವತ್ತು ಬೇಡಮ್ಮ," ಅಂದಳು. ಎದ್ದು ಹೋಗಿ ಉಪ್ಪಿಟ್ಟಿನ ಮುಂದೆ ಕೂತು ಎರಡು ತುತ್ತು ತಿಂದಳು. ನನಗೋಸ್ಕರ ತಿಂದಳೋ, ನಾನು ಇನ್ನೊಂದು ಮಾತು ಕೇಳಬಾರದು ಅಂತ ತಿಂದಳೋ, ಗೊತ್ತಾಗಲಿಲ್ಲ. ಎರಡು ತುತ್ತಾದರೂ ಹೋಯಿತಲ್ಲ ಅಂತ ಅಂದುಕೊಳ್ಳೋಕೂ ಅವತ್ತು ಧೈರ್ಯ ಬರಲಿಲ್ಲ.

ಅದಾದ ಕೆಲವು ದಿನಕ್ಕೆ ಅಮ್ಮ ಫೋನು ಮಾಡಿದಳು. ಗೌರಿ ಹಬ್ಬ ಹತ್ತಿರ ಬಂದಿತ್ತು. ಅಪ್ಪ ತೀರಿಕೊಂಡ ಮೇಲೆ ತವರಿನ ಬಾಗಿನ ಕಳಿಸೋಳು ಅಮ್ಮನೇ. "ಈ ಸಲ ಬಸ್ಸಲ್ಲಿ ಬರೋಕೆ ನನ್ ಮಂಡಿ ಕೇಳಲ್ಲ ಕಣಮ್ಮಾ. ನಿಮ್ ಮಾವನ ಕೈಲಿ ಕಳಿಸ್ತೀನಿ. ಮಗೂನೂ ನೋಡ್ದಂಗಾಗತ್ತೆ, ಹುಷಾರಿಲ್ವಂತಲ್ಲ."

"ಅವನು ನಮ್ಮನೆಗೆ ಬರೋದು ಬೇಡಮ್ಮ," ಅಂದೆ.

"ಯಾಕೆ?"

"ಬೇಡ ಅಂದ್ರೆ ಬೇಡ."

ಅಮ್ಮ, "ಹಳೇದನ್ನೆಲ್ಲ ಈಗ್ಯಾಕೆ ಕೆದಕ್ತೀಯ? ಅವನಿಗೂ ವಯಸ್ಸಾಯ್ತು, ಸಕ್ಕರೆ ಕಾಯಿಲೆ ಬೇರೆ," ಅಂದಳು.

ಹಳೇದು ಏನು ಅಂತ ನಾನು ಹೇಳಿರಲಿಲ್ಲ. ಒಂಬತ್ತು ವರ್ಷದವಳಿದ್ದಾಗ ಆಡಿದ ಆ ಒಂದು ಮಾತು ಬಿಟ್ಟರೆ ಅಮ್ಮನ ಹತ್ತಿರ ನಾನು ಏನನ್ನೂ ಆಡಿದವಳಲ್ಲ. ಹಾಗಾದರೆ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ನಕ್ಕಳು, ಗೊತ್ತಿದ್ದೂ ಗುಡ್ಲು ಹಾಕಿಸಿದಳು. ಗೊತ್ತಿದ್ದೂ ನನ್ನ ಮಗಳಿದ್ದ ಮನೆಗೆ ಅವನನ್ನ ಬಿಟ್ಟುಕೊಂಡಳು. ಕಿರುಚಬೇಕು ಅನ್ನಿಸಿತು. ಆದರೆ ಆ ಕಡೆ ಇದ್ದದ್ದು ಎಪ್ಪತ್ತೆರಡು ವರ್ಷದ ಮಂಡಿ ನೋವಿನ ಹೆಂಗಸು, ಅವಳಿಗೆ ಒಬ್ಬಳೇ ಮಗಳು ನಾನು. "ಬಾಗಿನ ಬೇಡಮ್ಮ ಈ ವರ್ಷ," ಅಂತ ಫೋನು ಇಟ್ಟೆ. ಇವರಿಗೆ ಅವತ್ತು ಸಂಜೆ ಹೇಳಿದೆ, ಅರ್ಧ ಹೇಳಿದೆ. ಇವರು, "ಪೊಲೀಸಿಗೆ ಕೊಡಣ ಅಂದ್ರೆ ಮಗು ಏನಂತ ಹೇಳ್ಬೇಕು, ಮೊದ್ಲು ಅವಳು ಬಾಯಿಬಿಡ್ಲಿ," ಅಂದರು. ಸರಿಯೇ. ಬೆಳಗ್ಗೆ ನೋಡಿದರೆ ಅಡಿಗೆಮನೆಯ ಗೋಡೆ ಪಕ್ಕದಲ್ಲಿದ್ದ ನನ್ನ ಮಣೆಯನ್ನ ತಂದು ತಮ್ಮ ಮಣೆ ಪಕ್ಕದಲ್ಲಿ ಹಾಕಿದ್ದರು. ಹಬ್ಬಕ್ಕೆ ಅವನು ಬರಲಿಲ್ಲ. ಅಷ್ಟು ಉಪಕಾರವಾಯಿತು.

ಈಗ ಹದಿನೈದು ದಿನಕ್ಕೊಂದು ಬುಧವಾರ ಆಸ್ಪತ್ರೆಗೆ ಹೋಗ್ತೀವಿ. ಎರಡನೇ ಸಲ ಹೋದಾಗ ನನ್ನ ಕಥೆಯನ್ನ ಡಾಕ್ಟರಮ್ಮನಿಗೆ ಹೇಳಿದೆ. ಅವರು ನನ್ನ ಹೆಸರಿಗೂ ಒಂದು ಚೀಟಿ ಮಾಡಿಸಿದರು, ಈ ವಯಸ್ಸಲ್ಲೂ ವಾಸಿಯಾಗತ್ತೆ ಅಂದರು. ಮಗಳು ತೂಕದಲ್ಲಿ ಒಂದು ತಿಂಗಳು ಸ್ವಲ್ಪ ಮೇಲೆ ಬಂದಳು, ಮುಂದಿನ ತಿಂಗಳು ಮತ್ತೆ ಇಳಿದಳು. ನಾನು ಅವಳ ಜೊತೆ ಕೂತು ತಿಂತೀನಿ. ಕೆಲವು ದಿನ ನಿಲ್ಲುತ್ತದೆ, ಕೆಲವು ದಿನ ನಿಲ್ಲೋದಿಲ್ಲ. ಒಂದು ಶನಿವಾರ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ತಟ್ಟೆ ಹಾಗೆಯೇ ಬಿಟ್ಟು ಎದ್ದೆವು.

ಆಸ್ಪತ್ರೆಯಲ್ಲಿ ಅವಳು ಡಾಕ್ಟರಮ್ಮನ ಹತ್ತಿರ ಒಳಗೆ ಹೋದರೆ ಮುಕ್ಕಾಲು ಗಂಟೆ. ನಾನು ಹೊರಗಿನ ಬೆಂಚಿನ ಮೇಲೆ. ಬಾಯಲ್ಲಿ ವಿಷ್ಣು ಸಹಸ್ರನಾಮ ನಡೀತಿರುತ್ತದೆ, ಬೇಡಿಕೊಳ್ಳೋಕೆ ಮಾತ್ರ ಏನೂ ತೋಚೋದಿಲ್ಲ. ಆ ನಾಲ್ಕು ದಿನದಲ್ಲಿ ಏನೂ ಆಗಿರದಿರಲಿ ಅಂತ ಬೇಡಲು ಹೋದರೆ, ಮತ್ತೆ ಇವಳಿಗೆ ಇದು ಬಂದದ್ದು ಎಲ್ಲಿಂದ ಅನ್ನೋ ಪ್ರಶ್ನೆ ಎದುರಿಗೆ ನಿಲ್ಲುತ್ತದೆ. ನಲ್ಲಿ ಸದ್ದಿನ ಹಿಂದೆ ನಾನು ಮಾಡಿದ್ದನ್ನ ಕೇಳಿ ಕೇಳಿ ಬಂತು ಅಂತಾಗುತ್ತದೆ. ನಾನು ಇಟ್ಟ ನಾಮದಿಂದ ಬಂತು ಅಂತಾಗುತ್ತದೆ. ಹಾಗಾಗದಿರಲಿ ಅಂದರೆ ಮಾವನಿಂದ ಬಂತು ಅಂತಾಗುತ್ತದೆ. ಯಾವುದನ್ನ ಕೊಡು ಅಂತ ಕೇಳಲಿ ದೇವರನ್ನ? ಎರಡೂ ಇಲ್ಲದ ಮೂರನೆಯ ಕಾರಣ ಇರಬಹುದು ಅಂತ ಡಾಕ್ಟರಮ್ಮ ಹೇಳ್ತಾರೆ. ಇರಬಹುದು.

ಹೋದ ಬುಧವಾರ ಹೊರಗೆ ಬಂದಾಗ ಅವಳ ಕಣ್ಣು ಊದಿಕೊಂಡಿತ್ತು. ಹೇಳಿದೆಯಾ ಅಂತ ಕೇಳೋ ಹಾಗಿಲ್ಲ, ಅವಳಾಗಿ ಹೇಳೋವರೆಗೆ ಕೇಳಬೇಡಿ ಅಂದಿದ್ದಾರೆ. ಏನಾದರೂ ತಿಂತೀಯಾ ಅಂತಲೂ ಪದೇ ಪದೇ ಕೇಳಬಾರದಂತೆ. ಈ ಎರಡು ಮಾತು ಬಿಟ್ಟರೆ ನನ್ನ ಬಾಯಲ್ಲಿ ಅವಳಿಗೆ ಹೇಳೋ ಮಾತು ಬೇರೆ ಇರಲಿಲ್ಲ. ಅವಳು ಬಗ್ಗಿ ಚಪ್ಪಲಿ ಹಾಕಿಕೊಂಡು ಏಳೋವರೆಗೆ ಅವಳ ಬ್ಯಾಗು ಹಿಡಕೊಂಡು ಪಕ್ಕದಲ್ಲಿ ನಿಂತಿದ್ದೆ.